ಹ್ಯಾಮಿಲ್ಟನ್ ಸೂತ್ರ ಮತ್ತು ಬೆಂಗಳೂರಿನ ಕಣಜ: ಜೀವವಿಕಾಸದ ಅಧ್ಯಯನದಲ್ಲಿ ಮಾದರಿಯ ಕೆಲಸ

ಕನ್ನಡದಲ್ಲಿ ‘ಮಾದರಿ’ ಎಂದರೆ ಅನುಸರಿಸತಕ್ಕದ್ದು: ಮಾದರಿ ಶಾಲೆ, ಮಾದರಿ ಗ್ರಾಮ. ಜೀವವಿಕಾಸದ ಅಧ್ಯಯನದಲ್ಲಿ ಅದೇ ಪದಕ್ಕೆ ಬೇರೆ ಹೊಣೆ. ಏನನ್ನು ಅಳೆಯಬೇಕು ಎಂದು ತಿಳಿಸುವ ಲೆಕ್ಕ ಅದು. ಈ ವ್ಯತ್ಯಾಸ ಮರೆತರೆ ಏನಾಗುತ್ತದೆ ಎಂಬುದಕ್ಕೆ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಮಂಡಿಸಿದ ಸೂತ್ರವೇ ಸಾಕ್ಷಿ.

ತಾನು ಮೊಟ್ಟೆಯಿಡದೆ ರಾಣಿಯ ಮರಿಗಳನ್ನು ಸಾಕುವ ಕೆಲಸಗಾರ್ತಿಯ ಗುಣ ನಿಸರ್ಗದ ಆಯ್ಕೆಯಲ್ಲಿ ಹೇಗೆ ಉಳಿಯಿತು? ನೆರವು ಪಡೆದವರ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿದರೆ ಅದು ನೆರವಾದವರ ನಷ್ಟವನ್ನು ಮೀರಬೇಕು ಎಂಬುದು ಹ್ಯಾಮಿಲ್ಟನ್ ಉತ್ತರ. ಇರುವೆ, ಜೇನು, ಕಣಜಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಹಾಗಾಗಿ ಒಂದೇ ತಂದೆತಾಯಿಯ ಅಕ್ಕತಂಗಿಯರ ಸಂಬಂಧ 3/4; ತಾಯಿಮಗಳದು ಬರೀ 1/2. ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ಮೇಲು! ಈ ಅಂಕಿ ಎಷ್ಟು ಮನಸೆಳೆಯಿತೆಂದರೆ ಲಾಭನಷ್ಟಗಳನ್ನು ಅಳೆಯುವ ಕೆಲಸ ಹಿಂದೆ ಬಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ದಶಕಗಳ ಕಾಲ ಅಭ್ಯಸಿಸಿದರು. ಇದರದು ಹೊದಿಕೆಯಿಲ್ಲದ ಕಾಗದದಂಥ ಗೂಡು. ಕಣಜಗಳ ಮೈಗೆ ಬಣ್ಣದ ಚುಕ್ಕೆಯಿಟ್ಟರೆ ಯಾರು ಏನು ಮಾಡುತ್ತಾರೆಂದು ಕಣ್ಣಾರೆ ಕಾಣಬಹುದು. ರಾಣಿ ಹಲವು ಗಂಡುಗಳೊಡನೆ ಕೂಡುತ್ತಾಳೆಂದು ತಿಳಿದುಬಂತು. ಇಬ್ಬರೇ ತಂದೆಯರು, ಇಬ್ಬರದೂ ಸಮಪಾಲು ಎಂದಿಟ್ಟುಕೊಳ್ಳಿ: ಅರ್ಧ ತಂಗಿಯರ ಸಂಬಂಧ 3/4, ಉಳಿದರ್ಧದ್ದು 1/4, ಸರಾಸರಿ 1/2. ಅಲ್ಲಿಗೆ ಮಗಳಿಗೂ ತಂಗಿಗೂ ವ್ಯತ್ಯಾಸ ಅಳಿಯಿತು. ರಾಣಿಯರೂ ಬದಲಾಗುತ್ತಾರೆ, ಆಗ ಕೆಲಸಗಾರ್ತಿ ಸಾಕುವುದು ಇನ್ನೂ ದೂರದ ನೆಂಟರನ್ನು.

ಸೂತ್ರ ಬಿತ್ತೆಂದು ಇದರರ್ಥವಲ್ಲ. ಬಿದ್ದದ್ದು ನಾವು ಅದನ್ನು ಓದಿದ ಬಗೆ. ಒಂಟಿಯಾಗಿ ಗೂಡು ಹೂಡಿದವಳು ಮರಿಗಳು ಬೆಳೆಯುವ ಮುನ್ನ ಸತ್ತರೆ ಪಟ್ಟ ಪಾಡೆಲ್ಲ ವ್ಯರ್ಥ. ಗುಂಪಿನಲ್ಲಿ ಅವಳು ಅರ್ಧಕ್ಕೇ ಬಿಟ್ಟ ಮರಿಯನ್ನು ಮತ್ತೊಬ್ಬಳು ಬೆಳೆಸುತ್ತಾಳೆ. ಕೊಟ್ಟ ತುತ್ತು ಕಳೆದುಹೋಗುವುದಿಲ್ಲ. ಗದಗಕರ್ 1990ರಲ್ಲಿ ಈ ಖಚಿತ ಪ್ರತಿಫಲವನ್ನು ಲೆಕ್ಕಕ್ಕೆ ತಂದರು. ಜೊತೆಗೆ, ಅವಕಾಶ ಕೊಟ್ಟರೂ ಹಲವು ಹೆಣ್ಣುಗಳು ಮೊಟ್ಟೆಯಿಡುವುದೇ ಇಲ್ಲ. ಅಂಥವಳು ದುಡಿದರೆ ಕಳೆದುಕೊಳ್ಳುವುದು ಅತ್ಯಲ್ಪ. ಎರಡೂ ಸೂತ್ರದೊಳಗಿನ ಲಾಭನಷ್ಟಗಳೇ, ಮೊದಲಿನಿಂದಲೂ ಅಲ್ಲೇ ಇದ್ದಂಥವು.

ನಮ್ಮ ತರಗತಿಗಳಲ್ಲಿ 3/4ರ ಲೆಕ್ಕ ಕಲಿಸುವವರು ಗೆದ್ದಲನ್ನೂ ಪಕ್ಕದಲ್ಲಿಡಲಿ. ಅಲ್ಲಿ ಗಂಡೂ ಫಲಿತ ಮೊಟ್ಟೆಯಿಂದಲೇ ಹುಟ್ಟುತ್ತದೆ, ಒಡಹುಟ್ಟಿದವರ ಸಂಬಂಧ 1/2 ಮಾತ್ರ, ಆದರೂ ಹುತ್ತದ ತುಂಬ ಕೆಲಸಗಾರರಿದ್ದಾರೆ.