ಒತ್ತು ಕಳಚಿದ ನಿಪ್ಪಾಣಿ

ನಿಪ್ಪಾಣಿಯ ಲಗ್ನಪತ್ರಿಕೆಗೆ ಎರಡು ಲಿಪಿ ಬೇಕು. ವರ ಕಾಗವಾಡದವನು, ವಧು ಮಿರಜದವಳು ಎಂದರೆ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ನಮ್ಮ ಮಾವನವರ ಪ್ರೆಸ್ಸಿನಲ್ಲಿ ಎರಡೂ ಲಿಪಿಗಳ ಸೀಸದ ಮೊಳೆಗಳು ಬೇರೆ ಬೇರೆ ಮರದ ಖಾನೆಗಳಲ್ಲಿದ್ದವು. ಕಂಪೋಜಿಟರುಗಳು ಒಬ್ಬೊಬ್ಬರಾಗಿ ಬಿಟ್ಟ ಮೇಲೆ ಆ ಖಾನೆಗಳು ಅಟ್ಟ ಸೇರಿ, ವಿಂಡೋಸ್ 98 ಹಾಕಿದ ಕಂಪ್ಯೂಟರ್ ಬಂತು. ಅದರ ಮುಂದೆ ಕೂತವಳು ಸೊಸೆಯಾದ ನಾನು. ಗಿರಾಕಿಗಳಿಗೆ ಅಂದಿನಿಂದ ನಾನು ‘ವೈನಿ’.

ವಿಂಡೋಸಿನ ಬದಲು ಕಂಪ್ಯೂಟರ್ ನಡೆಸಬಲ್ಲ ಲಿನಕ್ಸ್ ಸಾಮಾನ್ಯರ ಕೈಗೆ ಬಂದೀತೇ ಎಂದು ಬಲ್ಲವರು ವರ್ಷಗಟ್ಟಲೆ ವಾದಿಸಿದ್ದಾರೆ. ಕಷ್ಟವೋ ಸುಲಭವೋ ಎಂಬುದರ ಸುತ್ತಲೇ ಅವರ ಮಾತು. ನಮ್ಮ ಗಡಿಭಾಗದಲ್ಲಿ ತಡವಾದದ್ದು ಅಕ್ಷರಗಳಿಂದ ಎಂದು ನಾನು ಹೇಳುತ್ತೇನೆ.

ಆಗಿನ ಡಿಟಿಪಿ ಅಂದರೆ ಪೇಜ್‌ಮೇಕರ್, ಕೋರೆಲ್‌ಡ್ರಾ, ಜೊತೆಗೆ ದುಡ್ಡು ಕೊಟ್ಟು ತಂದ ಅಕ್ಷರಗಳ ಒಂದು ಪ್ಯಾಕೇಜು. ಅದರ ಸಂಗಡ ಒಂದು ಡಾಂಗಲ್. ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರ್ ಸಿಗಿಸುವ ಕಡೆ ಅದನ್ನು ಚುಚ್ಚದಿದ್ದರೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಒಳಗಿನ ವ್ಯವಸ್ಥೆ ಇನ್ನೂ ವಿಚಿತ್ರ. ತಾನು ತೋರಿಸುತ್ತಿರುವುದು ಕನ್ನಡವೆಂದು ಯಂತ್ರಕ್ಕೆ ಗೊತ್ತೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ನಮ್ಮ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದರು: ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ, ದೀರ್ಘ ಮತ್ತೊಂದು ಕಡೆ. ಫಾಂಟ್ ಬದಲಿಸಿದರೆ ಊರಿನ ಹೆಸರೇ ಕಲಸುಮೇಲೋಗರ. ಒಂದೊಂದು ಕಂಪನಿಯ ಜೋಡಣೆ ಒಂದೊಂದು ಥರ. ರಾಯಬಾಗದ ಅಂಗಡಿಯಲ್ಲಿ ಟೈಪ್ ಮಾಡಿದ್ದನ್ನು ನಮ್ಮಲ್ಲಿ ತೆರೆದರೆ ಓದಲು ಬರುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಟೈಪ್ ಮಾಡಬೇಕು.

ಇದಕ್ಕೆ ಮದ್ದು ಹುಟ್ಟಿ ಆಗಲೇ ವರ್ಷಗಳಾಗಿದ್ದವು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಲಿನಕ್ಸಿನ ಸುದ್ದಿ ಹೇಳಿದ. ಅಕ್ಟೋಬರಿನಲ್ಲಿ, ಒಂದೊಂದು ಲಿಪಿಯ ಅಕ್ಷರಗಳಿಗೂ ಅವುಗಳದೇ ಸ್ಥಾನ ಕೊಡುವ ಯೂನಿಕೋಡಿನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ತೆಗೆದಿಟ್ಟಿದ್ದರು. ಎರಡೂ ಒಂದೇ ವರ್ಷದ ಕೂಸುಗಳು. ನಿಪ್ಪಾಣಿಯಲ್ಲಿ ಅವು ಭೇಟಿಯಾಗಲು ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ನಡುವೆ 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ನುಡಿಯ ಕೀಲಿಮಣೆಗೆ ಬುನಾದಿ ಕೆ. ಪಿ. ರಾವ್ ಅವರ ವಿನ್ಯಾಸ. ಉಚ್ಚಾರದಂತೆ ಒತ್ತುತ್ತ ಹೋದರಾಯಿತು, ಒತ್ತಕ್ಷರ ಬೇಕಾದಲ್ಲಿ ನಡುವೆ ‘ಎಫ್’ ಕೀಲಿ. ಇಷ್ಟು ಸರಳವಾದದ್ದನ್ನು ಕೊಟ್ಟವರಿಗೆ ನಮ್ಮಂಥ ಟೈಪಿಸ್ಟರು ದಿನವೂ ಕೈಮುಗಿಯಬೇಕು. ಆದರೆ ಬರಹವೂ ನುಡಿಯೂ ವಿಂಡೋಸಿನವು. ಪಹಣಿಗಳನ್ನು ಕಂಪ್ಯೂಟರಿಗೇರಿಸಿದ ಭೂಮಿ ಯೋಜನೆಯನ್ನೂ ವಿಂಡೋಸ್ ಮೇಲೆಯೇ ಕಟ್ಟಿದರು. ಆಗ ನಿಪ್ಪಾಣಿ, ಕಾಗವಾಡ ಇನ್ನೂ ತಾಲೂಕುಗಳಲ್ಲ. ನಾವು ಪಹಣಿಗೆ ಚಿಕ್ಕೋಡಿಗೆ ಹೋಗಬೇಕು, ಕಾಗವಾಡದವರು ಅಥಣಿಗೆ. ಅರ್ಜಿ ಬರೆಸಲು ಬಂದವರದು ಒಂದೇ ಮಾತು: “ನುಡಿಯೊಳಗ ಮಾಡಿ ಕೊಡ್ರಿ ವೈನಿ, ಇಲ್ಲಾಂದ್ರ ಸಾಹೇಬ್ರು ತಗೊಳ್ಳೂದಿಲ್ಲ.” ಹೀಗೆ ವಿಂಡೋಸ್ ನಮ್ಮ ಕಡೆ ಬೇರೂರಿತು. ಅದನ್ನು ಯಾರೂ ಆರಿಸಿದ್ದಲ್ಲ.

ಲಿನಕ್ಸ್ ನಮ್ಮ ಮನೆಗೆ ಬಂದದ್ದು ಅಂಚೆಯಲ್ಲಿ. ಲಿನಕ್ಸಿನ ಒಂದು ರೂಪವಾದ ಉಬುಂಟು 2004ರಲ್ಲಿ ಶುರುವಾದಾಗಿನಿಂದ 2011ರವರೆಗೆ, ಕೇಳಿದವರಿಗೆ ಸಿಡಿಗಳನ್ನು ಪುಕ್ಕಟೆ ಕಳಿಸುತ್ತಿತ್ತು. ಮೈದುನನ ಮಗ ವಿಟಿಯು ಅಡಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತ ಯುನಿಕ್ಸ್ ಪಾಠ ಕೇಳಿದವನು. ತರಿಸಿ ನನ್ನ ಮುಂದೆ ಹಿಡಿದ. “ಕಾಕೂ, ಏನೂ ಹಾಳಾಗೂದಿಲ್ಲ. ಸಿಡಿ ತಗದ್ರ ಮತ್ತ ಹಳೇದ ಬರ್ತೈತಿ.” ನಿಜವೇ. ಇಂಟರ್‌ನೆಟ್ ನಡೆಯಿತು, ಪತ್ರ ಬರೆಯಲು ಓಪನ್ ಆಫೀಸ್ ಇತ್ತು. ನಮ್ಮ ಅತ್ತೆ ಸಂಜೆಯವರೆಗೆ ಅದರಲ್ಲಿ ಇಸ್ಪೀಟು ಆಡಿದರು. ಶಾಲೆಗೆ ನಾಲ್ಕು ವರ್ಷ ಹೋದ ಅತ್ತೆಗೆ ಅದು ಕಷ್ಟವೆನಿಸಲಿಲ್ಲ.

ಕೆಟ್ಟದ್ದು ಪುಟ ಕಟ್ಟುವಾಗ. ಪೇಜ್‌ಮೇಕರಿಗೆ ಬದಲಾಗಿ ಲಿನಕ್ಸಿನಲ್ಲಿ ಇದ್ದದ್ದು ಸ್ಕ್ರೈಬಸ್. ಅದಕ್ಕೆ ಆಗ ಭಾರತೀಯ ಲಿಪಿಗಳನ್ನು ಜೋಡಿಸಲು ಬರುತ್ತಿರಲಿಲ್ಲ. ಕಾಗವಾಡ, ರಾಯಬಾಗ ಹೇಗೋ ಓದಬಹುದು; ಚಿಕ್ಕೋಡಿ ‘ಚಿಕ್‌ಕೋಡಿ’ ಆಯಿತು, ನಿಪ್ಪಾಣಿ ‘ನಿಪ್‌ಪಾಣಿ’. ಲಗ್ನಪತ್ರಿಕೆಯಲ್ಲಿ ಲಗ್ನವೇ ಒಡೆದರೆ ಬೀಗರು ಬಿಟ್ಟಾರೆಯೇ? ಇಂಕ್‌ಸ್ಕೇಪಿನಲ್ಲಿ ಅಕ್ಷರ ಸರಿಯಾಗಿ ಬರುತ್ತಿತ್ತು, ಆದರೆ ಆಫ್‌ಸೆಟ್ಟಿನ ನಾಲ್ಕು ಬಣ್ಣ ಬೇರ್ಪಡಿಸಲು ಅದಕ್ಕೆ ಬಾರದು. ಕೊಲ್ಹಾಪುರದ ಪ್ಲೇಟಿನವರಂತೂ ಕೋರೆಲ್ ಫೈಲನ್ನೇ ಕೇಳುತ್ತಿದ್ದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೇರಳ ಸರ್ಕಾರ ತನ್ನ ಶಾಲೆಗಳನ್ನು ಪೂರ್ತಿ ಲಿನಕ್ಸಿನಂಥ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು, ಹತ್ತನೇ ತರಗತಿಯ ಐಟಿ ಪರೀಕ್ಷೆ ಸಹಿತ. ಐಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೂ ಅಚ್ಚು ಹಾಕಿಸುತ್ತದೆ. ಹಾಗಾಗಿ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಲಿನಕ್ಸನ್ನು ಕನ್ನಡದಲ್ಲೇ ಕಲಿತರು. ಅವರಿಗೆ ತಯಾರಾಗಿದ್ದದ್ದು ಅಥಣಿಯ ಮಕ್ಕಳಿಗೆ ಯಾಕೆ ಆಗಲಿಲ್ಲ ಎಂದರೆ, ಕೇರಳದಲ್ಲಿ ಯಾರೋ ಕೂತು ತೀರ್ಮಾನಿಸಿದರು, ಇಲ್ಲಿ ಯಾರೂ ತೀರ್ಮಾನಿಸಲಿಲ್ಲ.

ಕರ್ನಾಟಕ ಸರ್ಕಾರ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ಆಮೇಲೆ ಸದ್ದಿಲ್ಲದೆ ಎಲ್ಲ ಬದಲಾಯಿತು. ಪಹಣಿ, ಜಾತಿ-ಆದಾಯ ಪತ್ರ, ಸೇವಾ ಸಿಂಧು ಎಲ್ಲವೂ ಬ್ರೌಸರಿಗೆ ಬಂದವು. ಬ್ರೌಸರಿನ ಕೆಳಗೆ ಯಾವ ವ್ಯವಸ್ಥೆ ಇದೆಯೆಂದು ಯಾರೂ ಕೇಳುವುದಿಲ್ಲ. ಕಬ್ಬು ಕಡಿಯುವ ಟೋಳಿಯ ಮುಕಾದಮನ ಕೈಯ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಅವನನ್ನು ಸಾಮಾನ್ಯ ಬಳಕೆದಾರ ಅನ್ನದೆ ಇನ್ನಾರನ್ನು ಅನ್ನಬೇಕು?

ನನ್ನನ್ನು ಪೂರ್ತಿ ಗೆದ್ದದ್ದು ಮಾತ್ರ ಲಿನಕ್ಸಿನ ಕೀಲಿಮಣೆಗಳ ಪಟ್ಟಿ. ಅದರಲ್ಲಿ ‘ಕನ್ನಡ ಕಗಪ’ ಇದೆ, ಅದು ಕನ್ನಡ ಗಣಕ ಪರಿಷತ್ತಿನ ಹೆಸರು. ಪಕ್ಕದಲ್ಲೇ ‘ಮರಾಠಿ ಕಗಪ’! ಅದೇ ವಿನ್ಯಾಸ, ಅದೇ ಬೆರಳು, ಲಿಪಿ ಮಾತ್ರ ದೇವನಾಗರಿ. ವರನ ಹೆಸರು ಹೊಡೆದ ಕೈ ವಧುವಿನ ಹೆಸರಿಗೆ ಬೇರೇನೂ ಕಲಿಯಬೇಕಿಲ್ಲ. ಬೆಂಗಳೂರಿನವರಿಗೆ ಇದು ಸಣ್ಣ ಸಂಗತಿ ಅನಿಸಬಹುದು. ಮಾವನವರ ಕಾಲದಲ್ಲಿ ಇದಕ್ಕೆ ಇಬ್ಬರು ಕಂಪೋಜಿಟರು ಬೇಕಾಗುತ್ತಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಹನ್ನೊಂದಕ್ಕೆ ಏರಲು ನಮ್ಮ ಹಳೆಯ ಯಂತ್ರಗಳು ನಾಲಾಯಕ್ಕು. ಅರ್ಜಿ ತುಂಬುವ ಕೌಂಟರಿನದಕ್ಕೆ ಲಿನಕ್ಸ್ ಹಾಕಿಸಿದೆ. ಒಳಕೋಣೆಯದು ಕೋರೆಲ್‌ಗಾಗಿ, ಮಗನ ಟ್ಯಾಲಿ ಲೆಕ್ಕಕ್ಕಾಗಿ ವಿಂಡೋಸಿನಲ್ಲೇ ಉಳಿದಿದೆ, ಇನ್ನೂ ಕೆಲವು ವರ್ಷ ಉಳಿಯುತ್ತದೆ. ಪುಟ ಕಟ್ಟುವ ಸ್ಕ್ರೈಬಸ್ ಮಾತ್ರ 2024ರ 1.6ನೇ ಆವೃತ್ತಿಯಿಂದ ಒತ್ತಕ್ಷರ ಒಡೆಯುವುದಿಲ್ಲ. ಗಣಪತಿ ಮಂಡಳದ ದೇಣಿಗೆ ಪಾವತಿ ಪುಸ್ತಕವನ್ನು ಎರಡೂ ಲಿಪಿಯಲ್ಲಿ ಅದರಲ್ಲೇ ಕಟ್ಟಿ, ಪಿಡಿಎಫ್ ಮಾಡಿ ಪ್ಲೇಟಿಗೆ ಕಳಿಸಿದೆ. ತಗೊಂಡು ಹೋಗಲು ಬಂದ ಹುಡುಗರು ತಿರುಗಿಸಿ ನೋಡಿದರು. “ಕೇಸರಿ ಇನ್ನೊಂದೀಟ ಗಟ್ಟಿ ಬೇಕಿತ್ರಿ ವೈನಿ” ಅಂದರು, ದುಡ್ಡು ಕೊಟ್ಟು ಹೋದರು.