ಕೇರಿ ಬೇರೆ ಮಾಡಿದವರು: ಟ್ರಾಂಬೆ ಪ್ಲುಟೋನಿಯಂ ಸ್ಥಾವರದ ಅರವತ್ತು ವರ್ಷ

ಅರವತ್ತು ದಾಟಿದ ಟ್ರಾಂಬೆ ಪ್ಲುಟೋನಿಯಂ ಸ್ಥಾವರದ ಹಿರಿಯರನ್ನು ನೆನೆಯುವ ಲೇಖನವೊಂದು ಬೇಕೆಂದು ಸಂಚಿಕೆ ಸಮಿತಿಯವರು ಕೇಳಿದ್ದಾರೆ. ಭಾರತದ ಪರಮಾಣು ಕಥೆ ಎಂದೊಡನೆ ಜನಕ್ಕೆ ನೆನಪಾಗುವುದು ಅಪ್ಸರಾ, ಸೈರಸ್ ರಿಯಾಕ್ಟರುಗಳು ಮತ್ತು ಭೌತಶಾಸ್ತ್ರಜ್ಞರ ಹೆಸರುಗಳು. ರಿಯಾಕ್ಟರಿನಿಂದ ಹೊರಬಂದ ಇಂಧನವನ್ನು ಕರಗಿಸಿ, ಅದರೊಳಗಿನದನ್ನು ಒಂದೊಂದಾಗಿ ಬೇರೆ ಮಾಡಿದ ರಸಾಯನಶಾಸ್ತ್ರದವರು ಆ ಕಥೆಯ ಅಂಚಿನಲ್ಲಿ ನಿಲ್ಲುತ್ತಾರೆ. ಇದು ನ್ಯಾಯವಲ್ಲ ಎಂಬುದೇ ಈ ಲೇಖನದ ವಾದ. ರಾಶಿಯಲ್ಲಿ ಕಾಳು ಯಾವುದು, ಹೊಟ್ಟು ಯಾವುದು ಎಂದು ಗೊತ್ತಾಗುವುದು ಮೊರ ಹಿಡಿದ ಮೇಲೆಯೇ. ಪರಮಾಣು ತ್ಯಾಜ್ಯದ ಮುಂದೆ ಆ ಮೊರ ಹಿಡಿದು ಮೊದಲು ಕೂತವರು ಇವರು.

1958ರಲ್ಲಿ ನೆಹರೂ ಸರ್ಕಾರ ಒಪ್ಪಿಗೆ ಕೊಟ್ಟ ಈ ಯೋಜನೆಗೆ 'ಫೀನಿಕ್ಸ್' ಎಂದು ಹೆಸರಿಟ್ಟರು. 1961ರಲ್ಲಿ ಕಟ್ಟಡದ ಕೆಲಸ ಶುರುವಾಗಿ 1964ರಲ್ಲಿ ಸ್ಥಾವರ ನಡೆಯತೊಡಗಿತು. 1965ರ ಜನವರಿ 22ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಉದ್ಘಾಟಿಸಿದರು. ಹೋಮಿ ಭಾಭಾ ಅವರ ಕನಸಿಗೆ ಕೊಳವೆ, ಕವಾಟ, ಕಾಂಕ್ರೀಟಿನ ರೂಪ ಕೊಟ್ಟವರು ಹೋಮಿ ಸೇಠ್ನಾ. ಕೇರಳದ ಆಲುವಾದಲ್ಲಿ ಮೊನಜೈಟ್ ಮರಳಿನಿಂದ ಥೋರಿಯಂ ಬೇರೆ ಮಾಡುವ ಕೆಲಸದಲ್ಲಿ ಪಳಗಿದ್ದ ಕೆಮಿಕಲ್ ಎಂಜಿನಿಯರ್ ಅವರು. ಜೊತೆಗೆ ಎನ್. ಶ್ರೀನಿವಾಸನ್ ಅವರಂಥ ಎಂಜಿನಿಯರುಗಳಿದ್ದರು. ಅವರ ಮುಂದಿದ್ದ ಕಷ್ಟ ಸಣ್ಣದಲ್ಲ. ಸೈರಸ್‌ನಲ್ಲಿ ಬಳಸಿದ ಒಂದು ಟನ್ ಇಂಧನದಲ್ಲಿ ಬಹುಪಾಲು ಯುರೇನಿಯಮ್ಮೇ. ಪ್ಲುಟೋನಿಯಂ ಹೆಚ್ಚುಕಡಿಮೆ ಒಂದು ಕಿಲೋ. ಉಳಿದ ಚೂರುಪಾರಿನಲ್ಲಿ ಸೀಸಿಯಂ, ಸ್ಟ್ರಾನ್ಷಿಯಂ ಮೊದಲಾದ ಹತ್ತಾರು ಧಾತುಗಳು. ಅವುಗಳ ವಿಕಿರಣ ಎಷ್ಟು ತೀವ್ರವೆಂದರೆ ಹತ್ತಿರ ಹೋಗುವಂತೆಯೇ ಇಲ್ಲ. ದಪ್ಪ ಕಾಂಕ್ರೀಟ್ ಗೋಡೆಯ ಈಚೆ ನಿಂತು ಆಚೆಯ ರಸಾಯನಕ್ರಿಯೆಯನ್ನು ನಡೆಸಬೇಕಿತ್ತು.

ಆರಿಸಿಕೊಂಡ ವಿಧಾನ ಪ್ಯೂರೆಕ್ಸ್. ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸೀಮೆಎಣ್ಣೆಯ ಜಾತಿಯ ದ್ರವದಲ್ಲಿ ಬೆರೆಸಿದ ಟ್ರೈಬ್ಯೂಟೈಲ್ ಫಾಸ್ಫೇಟ್ ಜೊತೆ ಕಲಕಿದರೆ ಯುರೇನಿಯಂ, ಪ್ಲುಟೋನಿಯಂ ಎರಡೂ ಎಣ್ಣೆಯ ಕಡೆಗೆ ಸರಿಯುತ್ತವೆ. ಉಳಿದವು ಆಮ್ಲದಲ್ಲೇ ನಿಲ್ಲುತ್ತವೆ. ಆಮೇಲೆ ಪ್ಲುಟೋನಿಯಮ್ಮಿಗೆ ಒಂದು ಎಲೆಕ್ಟ್ರಾನ್ ಕೊಟ್ಟು ಅದರ ಸ್ಥಿತಿ ಬದಲಿಸಿದರೆ ಅದೊಂದೇ ಎಣ್ಣೆ ಬಿಟ್ಟು ನೀರಿನಂಶಕ್ಕೆ ಮರಳುತ್ತದೆ. ಕಾಗದದ ಮೇಲೆ ನಾಲ್ಕು ಸಾಲಿನ ವಿದ್ಯೆ. ಇದರ ನೀಲನಕ್ಷೆಗಳು ಅಮೆರಿಕದ ವಿಟ್ರೊ ಕಂಪನಿಯಿಂದ ಬಂದವು, ಸ್ವಂತಿಕೆ ಎಲ್ಲಿ ಎಂದು ಕೇಳುವವರುಂಟು. ನಕ್ಷೆ ಬಂದದ್ದು ನಿಜ. 1955ರಲ್ಲಿ ಭಾಭಾ ಅವರೇ ಅಧ್ಯಕ್ಷರಾಗಿದ್ದ ಜಿನೀವಾ ಸಮ್ಮೇಳನದ ನಂತರ ಇಂಥ ರಸಾಯನವಿದ್ಯೆ ಪೂರ್ಣ ಗುಟ್ಟಾಗಿಯೂ ಉಳಿದಿರಲಿಲ್ಲ. ಆದರೆ ಪಾಕಪುಸ್ತಕ ಎಲ್ಲರ ಮನೆಯಲ್ಲಿದ್ದರೂ ಅಡುಗೆ ಕೈಗುಣದ ಮಾತು. ಕಟ್ಟಿ, ನಡೆಸಿ, ಕೆಟ್ಟಲ್ಲಿ ತಿದ್ದಿದವರು ಇಲ್ಲಿಯ ಎಂಜಿನಿಯರುಗಳು. ಅದಕ್ಕೆ ದೊಡ್ಡ ಸಾಕ್ಷಿ ಎಂದರೆ ಮುಂದೆ ಅದೇ ಸ್ಥಾವರವನ್ನು ನಿಲ್ಲಿಸಿ, ವಿಕಿರಣ ತೊಳೆದು, ಹಳೆಯ ಭಾಗಗಳನ್ನು ಕಿತ್ತು, ವಿಸ್ತರಿಸಿ 1980ರ ದಶಕದಲ್ಲಿ ಮತ್ತೆ ನಡೆಸಿದ್ದು. ಅದನ್ನು ಯಾರ ನಕ್ಷೆಯೂ ಹೇಳಿಕೊಟ್ಟಿರಲಿಲ್ಲ.

ಸ್ಥಾವರ ಶುರುವಾದ ಮೇಲಿನ ದಶಕಗಳನ್ನು ಚುಟುಕಾಗಿ ಹೇಳಬಹುದು. ತಾರಾಪುರದಲ್ಲೊಂದು, ಕಲ್ಪಾಕ್ಕಂನಲ್ಲೊಂದು ಇಂಥದೇ ಸ್ಥಾವರ ಬಂತು. 2011ರ ಜನವರಿಯಲ್ಲಿ ತಾರಾಪುರದ ಎರಡನೆಯದು ಲೋಕಾರ್ಪಣೆಯಾಯಿತು. ಬಳಸಿದ ಇಂಧನದ ಈ ಮರುಸಂಸ್ಕರಣೆಯಲ್ಲೇ ಬೆಳೆದ ಎ. ಎನ್. ಪ್ರಸಾದ್ ಅವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರೂ ಆದರು. 1974ರ ಪೋಖ್ರಾನ್ ಸ್ಫೋಟಕ್ಕೆ, ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ತಂಡಕ್ಕೆ, ಪ್ಲುಟೋನಿಯಂ ಒದಗಿದ್ದು ಟ್ರಾಂಬೆಯ ಈ ಸ್ಥಾವರದಿಂದಲೇ. ಸೈರಸ್ ಕೊಟ್ಟ ಕೆನಡಾದೊಂದಿಗೆ ಆಗ ಮೂಡಿದ ಭಿನ್ನಾಭಿಪ್ರಾಯದ ವಿವರಕ್ಕೆ ಇದು ಜಾಗವಲ್ಲ. ಬಾಂಬಿನ ಮೂಲವನ್ನು ಹೊಗಳುವುದೇಕೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಹೇಳಬೇಕು. ಬೇರ್ಪಡಿಸುವ ವಿದ್ಯೆ ಒಂದೇ, ಬೇರ್ಪಟ್ಟದ್ದರ ಬಳಕೆ ಹಲವು. ಆ ಆಯ್ಕೆ ದೇಶದ್ದು, ಆಮ್ಲದ ತೊಟ್ಟಿ ಕಾದವರದ್ದಲ್ಲ.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. ಕೈಗಾ ಯೋಜನೆಯನ್ನು ಶಿವರಾಮ ಕಾರಂತರಂಥವರು ವಿರೋಧಿಸಿದಾಗಿನಿಂದ ಕನ್ನಡಿಗರಿಗೂ ಪರಿಚಿತವಾದದ್ದು ಅದು: ಬೇರ್ಪಡಿಸಿದ ಮಾತ್ರಕ್ಕೆ ವಿಕಿರಣ ಕಡಿಮೆಯಾಗುವುದಿಲ್ಲ, ದ್ರವ ತ್ಯಾಜ್ಯ ಹೊಸದಾಗಿ ಹುಟ್ಟುತ್ತದೆ. ಒಪ್ಪಬೇಕಾದ ಮಾತು. ಆದರೆ ಬೆರೆತೇ ಇದ್ದರೆ ಸುಮಾರು 30 ವರ್ಷಕ್ಕೆ ಅರ್ಧವಾಗುವ ಸೀಸಿಯಂ-137ನ್ನೂ 24,000 ವರ್ಷಕ್ಕೂ ಅರ್ಧವಾಗದ ಪ್ಲುಟೋನಿಯಂ-239ನ್ನೂ ಒಂದೇ ಕಾವಲಿನಲ್ಲಿ ಇಡಬೇಕಾಗುತ್ತದೆ. ಬೇರೆ ಮಾಡಿದರೆ ಒಂದೊಂದಕ್ಕೂ ತಕ್ಕ ದಾರಿ ಸಿಗುತ್ತದೆ: ತ್ಯಾಜ್ಯ ಗಾಜಿನಲ್ಲಿ ಗಟ್ಟಿಯಾಗುತ್ತದೆ, ಪ್ಲುಟೋನಿಯಂ ಮತ್ತೆ ಇಂಧನವಾಗುತ್ತದೆ. ತ್ಯಾಜ್ಯದಿಂದಲೇ ತೆಗೆದ ಸೀಸಿಯಂ ಇಂದು ರೋಗಿಗೆ ಕೊಡುವ ರಕ್ತವನ್ನು ವಿಕಿರಣಕ್ಕೊಡ್ಡುವ ಯಂತ್ರದಲ್ಲಿದೆ. ರುಥೇನಿಯಂ-106 ಕಣ್ಣಿನ ಕ್ಯಾನ್ಸರಿನ ಚಿಕಿತ್ಸೆಗೆ ಬರುತ್ತಿದೆ. ನನ್ನ ಲೆಕ್ಕದಲ್ಲಿ ಫೀನಿಕ್ಸ್ ಪೀಳಿಗೆಯ ನಿಜವಾದ ಫಲ ಇದು. ರಸಾಯನದ ಕಡೆಯವನ ಪಕ್ಷಪಾತ ಎಂದರೂ ಬೇಸರವಿಲ್ಲ.

ಆ ಗಾಜಿನ ದಿಂಡುಗಳನ್ನು ಶಾಶ್ವತವಾಗಿ ಇಡಬೇಕಾದ ಆಳ ನೆಲದ ಭಂಡಾರ ಭಾರತದಲ್ಲಿ ಇನ್ನೂ ಆಗಿಲ್ಲ. ಹಿರಿಯರು ಕೇರಿ ಬೇರೆ ಮಾಡಿ ಕೊಟ್ಟಿದ್ದಾರೆ. ಬೇರೆ ಮಾಡಿದ್ದನ್ನು ಜೋಪಾನವಾಗಿ ಇಡುವ ಕೆಲಸ ಉಳಿದಿದೆ. ಈ ಸಂಚಿಕೆಯನ್ನು ಓದುವ ಕಿರಿಯರು ಅದನ್ನು ಕೈಗೆತ್ತಿಕೊಳ್ಳಲಿ.