ಪೃಥ್ವೀರಾಮನ ಕಾಲ: ರಟ್ಟ ಚರಿತ್ರೆಯ ಒಂದು ತೊಡಕು
ತುಕ್ಕಾನಟ್ಟಿ ಊರಿನ ಸುತ್ತಣ ಗೋಕಾಕ ಸೀಮೆ ರಟ್ಟರ ಕೂಂಡಿ ಮೂರುಸಾಸಿರ ನಾಡಿಗೆ ಸೇರಿತ್ತು. ರಟ್ಟ ಮನೆತನದ ಮೊದಲಿಗ ಪೃಥ್ವೀರಾಮ. ಜೈನಗುರುವಿನ ಶಿಷ್ಯನಾಗಿದ್ದ ಇವನನ್ನು ರಾಷ್ಟ್ರಕೂಟ ಕೃಷ್ಣರಾಜ ಸಾಮಂತನನ್ನಾಗಿ ಮಾಡಿದನೆಂದು ಸವದತ್ತಿಯ ಶಾಸನ ಹೇಳುತ್ತದೆ. ಯಾವ ಕೃಷ್ಣ? ಶಾಸನದ ಶಕ 797ರ (ಕ್ರಿ.ಶ. 875–76) ತೇದಿಯನ್ನು ನಂಬಿದರೆ ಎರಡನೆಯ ಕೃಷ್ಣನೆನ್ನಬೇಕು. ಆದರೆ ಪೃಥ್ವೀರಾಮನ ಮಗ ಪಿಟ್ಟುಗ, ಮೊಮ್ಮಗ ಶಾಂತಿವರ್ಮ. ಶಾಂತಿವರ್ಮನ ಶಾಸನ ಕ್ರಿ.ಶ. 980ರದು, ಆಗ ಆಳುತ್ತಿದ್ದವನು ಚಾಲುಕ್ಯ ತೈಲಪ. ಅಜ್ಜ–ಮೊಮ್ಮಗನ ನಡುವೆ ನೂರೈದು ವರ್ಷ! ಲೆಕ್ಕ ಕೂಡದು. ಆದ್ದರಿಂದಲೇ ಶಾಸನತಜ್ಞ ಜೆ.ಎಫ್. ಫ್ಲೀಟ್ ಆ ತೇದಿಯನ್ನು ಕೈಬಿಟ್ಟು ನಂತರದ ಮೂರನೆಯ ಕೃಷ್ಣನತ್ತ ವಾಲಿದರು. ಸವದತ್ತಿಯ ಈ ಶಾಸನದಂತೆ ಹಳೆಯ ದಾನಗಳನ್ನು ಮುಂದೆಂದೋ ಒಂದೇ ಕಲ್ಲಿಗೆ ಇಳಿಸಿದಾಗ ಇಂಥ ತಪ್ಪು ನುಸುಳುವುದು ಸಹಜ. ಆಮೇಲಿನ ರಟ್ಟರು ತಮ್ಮನ್ನು ಕೃಷ್ಣರಾಜನ ಕುಲದವರೆಂದೇ ಕರೆದುಕೊಂಡರು. ಅದನ್ನು ವಂಶಾವಳಿ ಎನ್ನುವುದಕ್ಕಿಂತ ಹೆಮ್ಮೆಯ ಮಾತು ಎಂದು ಓದುವುದು ಕ್ಷೇಮ.